ಬಾಗಿಲು ಬಡಿದರೆ ಗೋಡೆ ಅಲುಗಿತು: ಕಲಬುರಗಿಯ 28 ಮನೆಗಳ ಒಂದು ಪ್ರಕರಣ

ಮಾದರಿ ಮನೆ ನೋಡಲು ಬಂದ ಒಬ್ಬ ಹೆಂಗಸು ಮೇಲಿನ ಮಲಗುವ ಕೋಣೆಗೆ ಹೋಗಿ ಬಾಗಿಲನ್ನು ಒಮ್ಮೆ ಜೋರಾಗಿ ಹಾಕಿದರು. ಬೇಕಂತಲೇ. ಬಾಗಿಲೇನೋ ಮುಚ್ಚಿಕೊಂಡಿತು, ಅದರ ಜೊತೆ ಚೌಕಟ್ಟೂ ಒಂದು ನೂಲಿನಷ್ಟು ಅಲುಗಿತು. ಚೌಕಟ್ಟಿನ ಮೇಲಿನ ಮೂಲೆಯಿಂದ ಪ್ಲಾಸ್ಟರಿನಲ್ಲಿ ಒಂದು ಕೂದಲೆಳೆ ಬಿರುಕು ಓರೆಯಾಗಿ ಸೂರಿನ ಕಡೆ ಏರಿತ್ತು. ಅವರು ಏನೂ ಅನ್ನಲಿಲ್ಲ. ಬಿರುಕನ್ನು ಬೆರಳಿಂದ ಸವರಿ ನೋಡಿ, ಕೆಳಗಿಳಿದು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಆ ಮನೆಗಳನ್ನು ಕಟ್ಟಿಸುತ್ತಿದ್ದ ಮಾಲೀಕರಿಂದ ಸಲಹೆ ಕೇಳಿ ನನಗೆ ಫೋನ್ ಬಂತು. ಅವರದ್ದು ಎರಡು ಪ್ರಶ್ನೆ. ಒಳಬಾಗಿಲು ಯಾವ ಕಂಪನಿಯದ್ದು ಹಾಕೋಣ? ಬಿಸಿಲು ತಡೆಯೋದಕ್ಕೆ ತಾರಸಿ ಮೇಲೆ ಯಾವ ಶೀಟು ಹಾಸೋಣ?

ಜಾಗ ಕಲಬುರಗಿಯ ಹೊರಗೆ, ಹೊಸ ಲೇಔಟು. 30–40 ಅಳತೆಯ ಸೈಟುಗಳಲ್ಲಿ 28 ಮನೆ, ಎಲ್ಲವೂ ಎರಡು ಅಂತಸ್ತು. ಎರಡು ಮಾದರಿ ಮನೆ ಪೂರ್ತಿ ಮುಗಿದಿದ್ದವು. ಉಳಿದ 26 ಮನೆಗಳಲ್ಲಿ ಕೆಳಗಿನ ಗೋಡೆ ಎದ್ದಿತ್ತು, ಮೇಲಿನ ಅಂತಸ್ತು ಇನ್ನೂ ಶುರುವಾಗಿರಲಿಲ್ಲ. ಒಂದೊಂದು ಮನೆಗೆ ಒಳಬಾಗಿಲು ಆರು. ಮೂರು ಮಲಗುವ ಕೋಣೆ, ಮೂರು ಬಚ್ಚಲು. ಅಂದರೆ ಒಟ್ಟು 168 ಬಾಗಿಲು. ಇದರ ಮೇಲೆ ಮೆಟ್ಟಿಲ ಕೊನೆಗೆ ತಾರಸಿಗೆ ತೆರೆಯುವ ಬಾಗಿಲು ಬೇರೆ. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ನಮ್ಮನ್ನು ಜಾಸ್ತಿ ಕಾಡಿದ್ದು ಅದೇ.

ಅಂದಾಜು ಪಟ್ಟಿ ತರಿಸಿ ನೋಡಿದೆ. ಬಾಗಿಲುಗಳು ‘ಮರಗೆಲಸ’ ಅನ್ನುವ ಸಾಲಿನಲ್ಲಿದ್ದವು. ತಾರಸಿ ‘ವಾಟರ್‌ಪ್ರೂಫಿಂಗ್’ ಸಾಲಿನಲ್ಲಿತ್ತು. ಶಾಖ ತಡೆಯುವ ಮಾತು ಯಾವ ಸಾಲಿನಲ್ಲೂ ಇರಲಿಲ್ಲ. ಒಳಬಾಗಿಲಿಗೆ ಇಟ್ಟಿದ್ದ ಹಣ ತಾರಸಿಗೆ ಇಟ್ಟಿದ್ದರ ನಾಲ್ಕು ಪಟ್ಟು. ಬ್ರೋಷರಿನಲ್ಲಿ ‘ತೇಗದ ವೆನೀರ್ ಬಾಗಿಲು’, ಅಂದರೆ ಮೇಲೆ ತೇಗದ ತೆಳು ಪದರ ಅಂಟಿಸಿದ್ದು, ಅಂತ ಆಗಲೇ ಅಚ್ಚಾಗಿತ್ತು. ಮಾಲೀಕರ ವಾದವೂ ಸುಮ್ನೆ ಅಲ್ಲ. “ಮನಿ ನೋಡಾಕ ಬಂದವ್ರು ಮಾಳಿಗಿ ಹತ್ತಂಗಿಲ್ರಿ, ಬಾಗಲಾ ಮುಟ್ಟಿ ನೋಡ್ತಾರ” ಅಂದರು. ನಿಜವೇ. ಆ ಹೆಂಗಸು ಮಾಡಿದ್ದೂ ಅದನ್ನೇ, ಅಲ್ವಾ?

ತಾರಸಿಯ ಲೆಕ್ಕ

ಮೊದಲ ರಾತ್ರಿ ನಾನು ಮಾದರಿ ಮನೆಯ ಮೇಲಿನ ಕೋಣೆಯಲ್ಲೇ ಮಲಗಿದೆ. ಏಪ್ರಿಲ್ ಕೊನೆ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸೂರಿಗೆ ಅಂಗೈ ಇಟ್ಟೆ. ಆಗಷ್ಟೇ ಒಲೆಯಿಂದ ಇಳಿಸಿದ ಹಂಚು ಸ್ವಲ್ಪ ಆರಿದ ಹಾಗಿತ್ತು. ಫ್ಯಾನ್ ಹಾಕಿದರೆ ಸೂರಿನಡಿಯ ಬಿಸಿಗಾಳಿಯೇ ಕೆಳಗೆ ಬರುತ್ತಿತ್ತು. ಗೋಡೆ ಮುಟ್ಟಿದರೆ ಅಷ್ಟೇನೂ ಬಿಸಿ ಇಲ್ಲ. ಹೊರಗೋಡೆಗೆ ಎಂಟು ಇಂಚಿನ ಎಎಸಿ ಬ್ಲಾಕ್ ಹಾಕಿದ್ದರು. ಆ ಹಗುರ ಬೂದು ಕಲ್ಲಿನ ಒಳಗೆಲ್ಲ ಗಾಳಿಗುಳ್ಳೆ ಇರುವುದರಿಂದ ಅದು ಶಾಖವನ್ನು ಚೆನ್ನಾಗಿಯೇ ತಡೆಯುತ್ತೆ.

ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಗೋಡೆಗೆ ಬೀಳುವುದು ಓರೆ ಬಿಸಿಲು. ತಾರಸಿಗೆ ಬೀಳುವುದು ನೆಟ್ಟಗಿನ ಬಿಸಿಲು, ಅದೂ ವರ್ಷದಲ್ಲೇ ಅತಿ ಹೆಚ್ಚು ಬಿಸಿಯ ದಿನಗಳಲ್ಲಿ. ಈ ಊರಿನ ಹಳೆಯ ಮನೆಗಳಿಗೆ ಇದು ಗೊತ್ತಿತ್ತು. ಶಹಾಬಾದ್ ಕಡೆಯ ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಹಾಸು, ಅದರ ಮೇಲೆ ಮೊಣಕೈ ಉದ್ದ ಮಣ್ಣು. ಆ ಮಣ್ಣಿನ ಮಾಳಿಗೆ ಹಗಲಿನ ಬಿಸಿಲನ್ನು ಕೆಳಗೆ ಬಿಡುವಷ್ಟರಲ್ಲಿ ಬೆಳಗಾಗಿರುತ್ತಿತ್ತು. ನಾವು ಅದನ್ನು ತೆಗೆದು ಐದು ಇಂಚಿನ ಸ್ಲ್ಯಾಬ್ ಹಾಕಿದೆವು. ಅದು ಮಧ್ಯಾಹ್ನ ಕಾದು, ಜನ ಮಲಗುವ ಹೊತ್ತಿಗೆ ಸರಿಯಾಗಿ ಬಿಸಿ ಉಗುಳುತ್ತೆ.

ಮಾಲೀಕರಿಗೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಎರಡೂ ಬದಿಯ ನಡುವೆ 1 ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್ ತಾರಸಿಯಿಂದ ಎಷ್ಟು ವಾಟ್ ಶಾಖ ದಾಟುತ್ತೆ ಅನ್ನುವುದಕ್ಕೆ ಯು-ವ್ಯಾಲ್ಯೂ ಅನ್ನುತ್ತಾರೆ. ಬರೀ ಐದು ಇಂಚಿನ ಸ್ಲ್ಯಾಬ್ ಮತ್ತು ಪ್ಲಾಸ್ಟರ್ ಆದರೆ ಅದು ಹೆಚ್ಚುಕಡಿಮೆ 3.2. ಕಾದ ತಾರಸಿಗೂ ಕೋಣೆಗೂ 25 ಡಿಗ್ರಿ ವ್ಯತ್ಯಾಸ, ತಾರಸಿ 50 ಚದರ ಮೀಟರ್ ಅಂತ ಹಿಡಿಯಿರಿ. ಗುಣಿಸಿದರೆ 4,000 ವಾಟ್. ಎರಡು ಸಾವಿರ ವಾಟಿನ ಎರಡು ರೂಮ್ ಹೀಟರ್ ಸೂರಿಗೆ ತಲೆಕೆಳಗಾಗಿ ನೇತು ಹಾಕಿದ ಹಾಗೆ. ಸ್ಲ್ಯಾಬ್ ಕಾಯುವುದಕ್ಕೆ ಹೊತ್ತು ಹಿಡಿಯುವುದರಿಂದ ನಿಜದಲ್ಲಿ ಲೆಕ್ಕ ಇಷ್ಟು ನೇರ ಇರಲ್ಲ. ಆದರೂ ಅಂದಾಜಿಗೆ ಸಾಕು.

ಮೇಸ್ತ್ರಿ ಹೇಳಿದ್ದು ಕೋಬಾ, ಅಂದರೆ ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂರಿಸಿ ಹಾಸುವ ಪದರ. ನಾಲ್ಕು ಇಂಚು ಹಾಕಿದರೂ ಲೆಕ್ಕ 2ರ ಆಸುಪಾಸು ನಿಲ್ಲುತ್ತೆ, ಮೇಲಿಂದ ಸ್ಲ್ಯಾಬಿಗೆ ಭಾರ. ಎಕ್ಸ್‌ಪಿಎಸ್ ಅಂದರೆ ಒತ್ತಿ ಮಾಡಿದ ಥರ್ಮೋಕೋಲ್ ಜಾತಿಯ ಗಟ್ಟಿ ಹಲಗೆ. ಅದು 25 ಮಿ.ಮೀ. ಹಾಕಿದರೆ ಸುಮಾರು 0.9ಕ್ಕೆ ಇಳಿಯುತ್ತೆ, 50 ಮಿ.ಮೀ. ಹಾಕಿದರೆ 0.53. ಆಗ ಅದೇ 4,000 ವಾಟ್ 660ರ ಹತ್ತಿರ ಬರುತ್ತೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗೆ ಅಂತ ಹೊರತಂದ ‘ಇಕೋ ನಿವಾಸ್ ಸಂಹಿತಾ’ದಲ್ಲಿ ತಾರಸಿಗೆ ಇಟ್ಟ ಮಿತಿ 1.2. ಅದು 500 ಚದರ ಮೀಟರಿಗಿಂತ ದೊಡ್ಡ ನಿವೇಶನಗಳನ್ನು ನೋಡಿ ಬರೆದದ್ದು, ನಮ್ಮ ಸೈಟುಗಳು ಅದರ ಕಾಲುಭಾಗವೂ ಇಲ್ಲ. ಆದರೂ ಅಳತೆಗೋಲು ಅಂತ ಇಟ್ಟುಕೊಂಡೆವು.

ಬೇರೆ ದಾರಿಗಳನ್ನು ಬೇಗ ಬಿಟ್ಟೆವು. ಸಾಮಾನ್ಯ ಥರ್ಮೋಕೋಲ್ ಅಗ್ಗ, ಆದರೆ ಎಕ್ಸ್‌ಪಿಎಸ್‌ಗಿಂತ ನೀರು ಜಾಸ್ತಿ ಹೀರುತ್ತೆ. ಕೆಳಗಿನಿಂದ ಫಾಲ್ಸ್ ಸೀಲಿಂಗ್ ಕಟ್ಟಿ ಒಳಗೆ ಗಾಜಿನ ಉಣ್ಣೆ ತುಂಬಬಹುದು, ಬೆಂಕಿಯ ದೃಷ್ಟಿಯಿಂದ ಅದೇ ಒಳ್ಳೆಯದು. ಆದರೆ ಸ್ಲ್ಯಾಬ್ ಬಿಸಿಲಲ್ಲೇ ಹಿಗ್ಗಿ ಕುಗ್ಗುತ್ತಾ ಇರುತ್ತೆ, ಪ್ಯಾರಾಪೆಟ್ ಬುಡದಲ್ಲಿ ಬಿರುಕು ಬರುತ್ತೆ. ಹೊರಗಿಂದ ಹೊದಿಸಿದರೆ ಸ್ಲ್ಯಾಬೂ ನೆರಳಲ್ಲಿರುತ್ತೆ. ಹಾಗಾಗಿ ಸ್ಲ್ಯಾಬ್, ಅದರ ಮೇಲೆ ನೀರು ತಡೆಯುವ ಪದರ, ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್, ಆಮೇಲೆ ಬಟ್ಟೆ, ಜಾಲರಿ ಹಾಕಿದ ಕಾಂಕ್ರೀಟ್ ಪದರ, ಕೊನೆಗೆ ಒಡೆದ ಬಿಳಿ ಟೈಲ್ಸ್ ಚೂರು ಹಾಸುವ ಚೈನಾ ಮೊಸಾಯಿಕ್. ಶಹಾಬಾದ್ ಕಲ್ಲು ಅಲ್ಲೇ ಸಿಗುತ್ತೆ, ಅಗ್ಗ, ಅದನ್ನೇ ಹಾಸೋಣ ಅಂತ ಒತ್ತಾಯ ಬಂತು. ಆ ಬೂದು ಬಣ್ಣ ಬಿಸಿಲು ಕುಡಿಯುತ್ತೆ. ತಾರಸಿಗೆ ಬೇಡ, ಅಂಗಳಕ್ಕೆ ಹಾಕಿ ಅಂದೆ.

ಇಲ್ಲಿಯವರೆಗೆ ಎಲ್ಲ ಸಲೀಸು. ಮೊದಲ ಮಾದರಿ ಮನೆಯಲ್ಲಿ ಪದರಗಳನ್ನೆಲ್ಲ ಹಾಕಿದೆವು. ಹಲಗೆ ಎರಡು ಇಂಚು, ಕಾಂಕ್ರೀಟ್ ಎರಡು ಇಂಚು, ಮೊಸಾಯಿಕ್ ಮುಕ್ಕಾಲು ಇಂಚು, ಮೇಲಿಂದ ನೀರು ಹರಿಯಲು ಇಳಿಜಾರು. ಮೆಟ್ಟಿಲ ಕಡೆಯೇ ಎತ್ತರದ ಬದಿ. ಅಲ್ಲಿ ಒಟ್ಟು ಐದೂವರೆ ಇಂಚಿನ ಮೇಲಾಯಿತು. ತಾರಸಿ ಬಾಗಿಲಿನ ಹೊಸ್ತಿಲು ಸ್ಲ್ಯಾಬಿನಿಂದ ನಾಲ್ಕು ಇಂಚು ಎತ್ತರ ಇತ್ತು. ಮೇ ಕೊನೆಯಲ್ಲಿ ಒಂದು ಸಂಜೆ ಗುಡುಗು ಮಳೆ ಬಂತು. ನೀರು ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಒಂದೊಂದೇ ಇಳಿದು ಹಾಲ್‌ಗೆ ಬಂತು. ತಪ್ಪು ನನ್ನದೇ. ಶಾಖದ ಲೆಕ್ಕ ಮಾಡುವಾಗ ಬಾಗಿಲನ್ನು ನೋಡಿರಲಿಲ್ಲ.

ಹೊಸ್ತಿಲು ಎತ್ತರಿಸಿದರೆ ಬಾಗಿಲು ಗಿಡ್ಡ ಆಗುತ್ತೆ, ಮೇಲೆ ಗೋಡೆಯ ಭಾರ ಹೊರುವ ಕಾಂಕ್ರೀಟ್ ಅಡ್ಡಪಟ್ಟಿ, ಅಂದರೆ ಲಿಂಟಲ್, ಬಂದುಬಿಟ್ಟಿದೆ. ಉಳಿದ 26 ಮನೆಗಳಲ್ಲಿ ಮೆಟ್ಟಿಲ ಕೋಣೆ ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಅಲ್ಲಿ ಒಂದು ವರಸೆ ಬ್ಲಾಕ್, ಅಂದರೆ ಎಂಟು ಇಂಚು, ಎತ್ತರಿಸಿ ಹೊಸ್ತಿಲನ್ನೂ ಲಿಂಟಲನ್ನೂ ಮೇಲೆ ತೆಗೆದುಕೊಂಡೆವು. ಖರ್ಚು ತೀರಾ ಕಡಿಮೆ. ಎರಡನೇ ಮಾದರಿ ಮನೆಗೆ 25 ಮಿ.ಮೀ. ಹಲಗೆಯಲ್ಲೇ ತೃಪ್ತಿಪಟ್ಟು, ಇಳಿಜಾರನ್ನು ತಿರುಗಿಸಿ, ಬಾಗಿಲಿನಿಂದ ದೂರದ ಬದಿಯನ್ನು ಎತ್ತರ ಮಾಡಿ ನೀರು ಪಕ್ಕದ ಕೊಳವೆಗೆ ಹೋಗುವ ಹಾಗೆ ಮಾಡಿದೆವು. ಮೊದಲನೆಯದರ ಕತೆ ಕೊನೆಗೆ ಹೇಳ್ತೀನಿ.

ಇನ್ನೊಂದು ಸಣ್ಣ ವಿಷಯ. ನೀರಿನ ಟ್ಯಾಂಕು, ಸೋಲಾರ್ ಹೀಟರಿನ ಸ್ಟ್ಯಾಂಡು, ಡಿಶ್, ಬಟ್ಟೆ ಒಣಹಾಕುವ ಕಂಬಿ, ಎಲ್ಲವೂ ತಾರಸಿಯ ಮೇಲೇ ಬರುತ್ತವೆ. ಅವುಗಳಿಗೆ ಮೊದಲೇ ಸ್ಲ್ಯಾಬಿನಿಂದ ಪುಟ್ಟ ಕಾಂಕ್ರೀಟ್ ಪೀಠ ಎಬ್ಬಿಸಿ ನೀರಿನ ಪದರವನ್ನು ಅದರ ಮೈಮೇಲೆ ಏರಿಸಿ ಬಿಟ್ಟೆವು. ಇಲ್ಲದಿದ್ದರೆ ಯಾರೋ ಡ್ರಿಲ್ ಹಿಡಿದು ಬಂದು ಎಲ್ಲ ಪದರಗಳನ್ನೂ ಒಂದೇ ಏಟಿಗೆ ತೂತು ಮಾಡುತ್ತಾರೆ. ಪೀಠ ಇದ್ದರೂ ಒಂದು ಮನೆಯಲ್ಲಿ ಮಾಡಿದರು.

ಬೆಣ್ಣೆಯಂಥ ಕಲ್ಲು

ಈಗ ಆ ಅಲುಗುವ ಚೌಕಟ್ಟು. ನಮ್ಮ ಕಡೆ ದಾರಂದ ಅಂತೀವಿ, ಅಲ್ಲಿ ಚೌಕಟ್ಟು. ಮರಕ್ಕೆ ಹೋಲ್ಡ್‌ಫಾಸ್ಟ್ ಅನ್ನುವ ಕಬ್ಬಿಣದ ಪಟ್ಟಿ ತಿರುಪಿನಿಂದ ಬಿಗಿದು, ಅದರ ಸೀಳಿದ ತುದಿಯನ್ನು ಗೋಡೆಯೊಳಗೆ ಸಿಮೆಂಟಲ್ಲಿ ಹೂಳುತ್ತಾರೆ. ಇಟ್ಟಿಗೆ ಗೋಡೆಯಲ್ಲಿ ಇದು ತಲೆಮಾರುಗಳಿಂದ ನಿಂತಿದೆ. ಮಾದರಿ ಮನೆಯಲ್ಲಿ ಒಂದು ಚೌಕಟ್ಟಿನ ಪಕ್ಕದ ಪ್ಲಾಸ್ಟರ್ ಕೆತ್ತಿಸಿದೆ. ಹೋಲ್ಡ್‌ಫಾಸ್ಟಿನ ಸುತ್ತ ಎಎಸಿ ಬ್ಲಾಕ್ ಪುಡಿಪುಡಿಯಾಗಿ, ಪಟ್ಟಿ ತನ್ನದೇ ಒಂದು ಗೂಡು ಕೊರೆದುಕೊಂಡು ಕುಳಿತಿತ್ತು. ಪ್ರತಿ ಸಲ ಬಾಗಿಲು ಬಡಿದಾಗ ಗೂಡು ದೊಡ್ಡದಾಗುತ್ತೆ. ಮೇಸ್ತ್ರಿ ಮೊಳೆಯಿಂದ ಬ್ಲಾಕನ್ನು ಗೀರಿ ತೋರಿಸಿದರು. “ಬೆಣ್ಣಿ ಇದ್ದಂಗ ಐತ್ರಿ ಈ ಕಲ್ಲು, ಹಿಡಿಯಂಗಿಲ್ಲ.”

ಆ ಬ್ಲಾಕಿಗೆ ಶಾಖ ತಡೆಯುವ ಗುಣ ಕೊಡುವುದೂ ಆ ಮೆತ್ತಗಿನ ಗುಳ್ಳೆಗಳೇ, ಹೋಲ್ಡ್‌ಫಾಸ್ಟ್ ಹಿಡಿಯದ ಹಾಗೆ ಮಾಡುವುದೂ ಅವೇ. ಒಳಗೋಡೆಗೆ ಶಾಖ ತಡೆಯುವ ಕೆಲಸವೇ ಇಲ್ಲ, ಅಲ್ವಾ? ಹಾಗಾದರೆ ಅಲ್ಲಿ ಯಾಕೆ ಅದೇ ಬ್ಲಾಕು ಅಂತ ಕೇಳಿದೆ. ಲಾರಿ ಹೇಗೂ ಬರುತ್ತಿತ್ತು, ನಾಲ್ಕು ಇಂಚಿನದ್ದನ್ನೂ ತರಿಸಿದೆವು ಅನ್ನುವುದು ಉತ್ತರ. ಗಟ್ಟಿ ಸಿಮೆಂಟ್ ಬ್ಲಾಕಿಗೆ ಬದಲಿಸೋಣ ಅಂದರೆ ಅದರ ತೂಕ ಎಎಸಿಯ ಮೂರು ಪಟ್ಟು. ಮೇಲಿನ ಅಂತಸ್ತಿನ ಒಳಗೋಡೆಗಳ ಭಾರವನ್ನು ಆ ಹಗುರ ಲೆಕ್ಕದಲ್ಲೇ ಸ್ಟ್ರಕ್ಚರಲ್ ಎಂಜಿನಿಯರ್ ಹಿಡಿದಿದ್ದರು. ಕೆಳಗೆ ಎರೆಮಣ್ಣು ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಭಾರ ಹೆಚ್ಚಿಸುವ ಆಟ ಬೇಡ ಅಂತ ಅವರೂ ನಾನೂ ಒಪ್ಪಿದೆವು.

ಕೊನೆಗೆ ಮಾಡಿದ್ದು ಸರಳ. ಬಾಗಿಲಿನ ಎರಡೂ ಬದಿಯಲ್ಲಿ, ಕೀಲು ಬರುವ ಮಟ್ಟಕ್ಕೆ ಮೂರು ಮೂರು ಕಡೆ, ಎಎಸಿ ಅಳತೆಯದ್ದೇ ಕಾಂಕ್ರೀಟ್ ಬ್ಲಾಕ್ ಎರಕ ಹೊಯ್ದು ಗೋಡೆಯಲ್ಲಿ ಕೂರಿಸಿದೆವು. ಹೋಲ್ಡ್‌ಫಾಸ್ಟ್ ಆ ಬ್ಲಾಕಿನೊಳಗೇ ಹೂತಿರುತ್ತೆ. ಲಿಂಟಲ್ ಎರಡೂ ಕಡೆ ಅರ್ಧ ಅಡಿ ಗೋಡೆ ಮೇಲೆ ಚಾಚಬೇಕು, ಮೂಲೆಯ ಮೇಲೆ ಪ್ಲಾಸ್ಟರಿಗೆ ಫೈಬರ್ ಜಾಲರಿ. ಕೆಳಗಿನ ಅಂತಸ್ತಿನಲ್ಲಿ ಕೆಲವು ಚೌಕಟ್ಟು ಆಗಲೇ ಕೂತಿದ್ದವು. ಅಲ್ಲಿ ಪಟ್ಟಿಯ ಸುತ್ತ ಬ್ಲಾಕ್ ಕೊಯ್ದು ತೆಗೆದು ಕಾಂಕ್ರೀಟ್ ತುಂಬಿಸಿದೆವು. ರೇಜಿಗೆಯ ಕೆಲಸ, ಆದರೆ ಮಾಡಬಹುದಾದದ್ದು.

ಗರಗಸ ಹಾಕಿ ನೋಡಿದ್ದು

ಬಾಗಿಲಿನ ಮಾದರಿ ತಂದವರು ಮೂವರು. ಮೂರೂ ಹೊರಗಿಂದ ಒಂದೇ. ಬಡಗಿಯನ್ನು ಕರೆದು ಮೂರನ್ನೂ ನಡುವಿಗೆ ಅಡ್ಡ ಕೊಯ್ಯಲು ಹೇಳಿದೆ. ತಂದವರಿಗೆ ಇಷ್ಟವಾಗಲಿಲ್ಲ. ಮೊದಲನೆಯದರ ಹೊಟ್ಟೆಯಲ್ಲಿ ಜೇನುಗೂಡಿನಂಥ ಕಾಗದ. ಅದೇನು ಮೋಸ ಅಲ್ಲ, ಹಗುರ ಬಾಗಿಲು ಮಾಡುವುದೇ ಹಾಗೆ. ಬೀಗ ಬರುವ ಜಾಗದಲ್ಲಿ ಮಾತ್ರ ಒಂದು ಮರದ ತುಂಡು ಇತ್ತು, ಅದೂ ಒಂದೇ ಬದಿಗೆ. ಬಡಗಿ ಬಾಗಿಲನ್ನು ತಿರುಗಾಮುರುಗಾ ನಿಲ್ಲಿಸಿದರೆ ಬೀಗದ ತಿರುಪು ಕಾಗದಕ್ಕೆ ಕೂರುತ್ತೆ. 168 ಬಾಗಿಲಲ್ಲಿ ಎಷ್ಟು ಹಾಗಾಗಬಹುದು ಅಂತ ಯೋಚಿಸಿದೆ, ಬೇಡ ಅನಿಸಿತು. ಎರಡನೆಯದರಲ್ಲಿ ಮರದ ಪಟ್ಟಿಗಳಿದ್ದವು, ಆದರೆ ನಡುನಡುವೆ ಬೆರಳು ತೂರುವಷ್ಟು ಸಂದು, ಒಂದು ಪಟ್ಟಿಗೆ ತೊಗಟೆ ಇನ್ನೂ ಅಂಟಿತ್ತು. ತೊಗಟೆ ಇದ್ದ ಮರ ಹುಳಕ್ಕೆ ಹಬ್ಬ. ಮೂರನೆಯದು ಸಂದಿಲ್ಲದೆ ತುಂಬಿದ್ದು, ಎರಡೂ ಮುಖ ಸಪಾಟಾದ ಫ್ಲಶ್ ಬಾಗಿಲಿಗೆ ಇರುವ ಭಾರತೀಯ ಮಾನಕ ಐಎಸ್ 2202ರ ಗುರುತು ಇತ್ತು. ಇದನ್ನೇ ಮಲಗುವ ಕೋಣೆಗಳಿಗೆ ತೆಗೆದುಕೊಂಡೆವು, ವೆನೀರ್ ಇಲ್ಲದೆ, ಎರಡೂ ಮುಖಕ್ಕೆ ಲ್ಯಾಮಿನೇಟ್. ಒಂದೇ ಮುಖಕ್ಕೆ ಅಂಟಿಸಿದರೆ ಆ ಕಡೆ ತೇವ ಹೋಗಲ್ಲ, ಈ ಕಡೆ ಹೋಗುತ್ತೆ, ಬಾಗಿಲು ಬಿಲ್ಲಿನ ಹಾಗೆ ಬಾಗುತ್ತೆ. ಕಲಬುರಗಿಯ ಒಣ ಬೇಸಿಗೆಗೂ ಆಮೇಲಿನ ಮಳೆಗಾಲಕ್ಕೂ ನಡುವೆ ಮರ ಕುಗ್ಗುವುದು ಉಬ್ಬುವುದು ಜಾಸ್ತಿ.

ವೆನೀರ್ ಬಿಟ್ಟದ್ದರಿಂದ ಉಳಿದ ಹಣ ತಾರಸಿಯ ಹಲಗೆಗೆ ಬಹುಪಾಲು ಸಾಕಾಯಿತು. ಮಾಲೀಕರು ಬ್ರೋಷರ್ ಮತ್ತೆ ಅಚ್ಚು ಹಾಕಿಸಿದರು, ಅದಕ್ಕೆ ನನ್ನ ಮೇಲೆ ಸ್ವಲ್ಪ ಮುನಿಸು.

ಬಚ್ಚಲಿಗೆ ಬರೀ ಮರ ಬೇಡ ಅಂತ ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಬಾಗಿಲು, ಗ್ರಾನೈಟ್ ಚೌಕಟ್ಟು. ಇದರಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ಬಚ್ಚಲ ಬಾಗಿಲು ಕೊಳೆಯಲು ಶುರುವಾಗುವುದು ಕೆಳ ಅಂಚಿನಿಂದ ಅಂತ ಎಲ್ಲರಿಗೂ ಗೊತ್ತು. ಕೋಣೆಯ ಬಾಗಿಲಿಗೂ ಅದೇ ಜಾಗ ನಾಜೂಕು. ಬಡಗಿ ಅಳತೆಗೆ ಕೆಳಗೆ ಕೊಯ್ಯುತ್ತಾರೆ, ಕೊಯ್ದ ಮೈ ಬಣ್ಣವಿಲ್ಲದೆ ಉಳಿಯುತ್ತೆ, ನೆಲ ಒರೆಸುವ ನೀರನ್ನು ದಿನಾ ಕುಡಿಯುತ್ತೆ. ಕನ್ನಡಿ ಕೆಳಗಿಟ್ಟು ನೋಡದೆ ಬಾಗಿಲಿನ ಬಿಲ್ ಪಾಸ್ ಮಾಡಬೇಡಿ ಅಂತ ಸೈಟಿನವರಿಗೆ ಹೇಳಿದೆ. ಕೆಳ ಅಂಚಿಗೆ ಬಣ್ಣ ಕಂಡರೆ ಮಾತ್ರ ಹಣ.

ಅಡಿಯ ಸಂದು, ಮೇಲಿನ ಕಿಂಡಿ

ಮಾದರಿ ಮನೆಯ ಬಾಗಿಲ ಅಡಿಯಲ್ಲಿ 20 ಮಿ.ಮೀ. ಸಂದು ಇತ್ತು. ಟೈಲ್ಸ್ ಹಾಕುವ ಮೊದಲೇ ಅಂದಾಜಿಗೆ ಕೊಯ್ದದ್ದು. ಕೆಳಗೆ ಟಿವಿ ಹಾಕಿದರೆ ಮೇಲಿನ ಕೋಣೆಯಲ್ಲಿ ಮಾತು ಮಾತೂ ಕೇಳುತ್ತಿತ್ತು. ಇನ್ನೂ ದಪ್ಪ ಬಾಗಿಲು ಹಾಕೋಣವೇ ಅಂದರು ಮಾಲೀಕರು. ಬಾಗಿಲು 900ಕ್ಕೆ 2,100 ಮಿ.ಮೀ. ಅಡಿಯ ಸಂದು 900ಕ್ಕೆ 20. ಭಾಗಿಸಿದರೆ ನೂರಕ್ಕೆ ಒಂದು. ಬಾಗಿಲಿನ ನೂರರಲ್ಲಿ ಒಂದು ಪಾಲು ಬಯಲಿದ್ದರೆ, ಆ ಬಾಗಿಲು ಉಕ್ಕಿನದ್ದೇ ಇರಲಿ, ಶಬ್ದ ತಡೆಯುವುದು 20 ಡೆಸಿಬೆಲ್ ದಾಟಲ್ಲ. ಸಂದನ್ನು 7 ಮಿ.ಮೀ.ಗೆ ಇಳಿಸಿದರೆ 25 ಡೆಸಿಬೆಲ್ ತನಕ ಹೋಗಬಹುದು. ಟೈಲ್ಸ್ ಮುಗಿದ ಮೇಲೆ ಅಳತೆ ತೆಗೆದು ಕೊಯ್ಯಿರಿ ಅನ್ನುವ ಒಂದು ಮಾತಿನಿಂದ ಆಗುವ ಕೆಲಸ ಇದು. ಬಚ್ಚಲಿಗೆ ಮಾತ್ರ 12 ಮಿ.ಮೀ. ಬಿಟ್ಟೆವು, ಎಕ್ಸಾಸ್ಟ್ ಫ್ಯಾನಿಗೆ ಎಲ್ಲಿಂದಲಾದರೂ ಗಾಳಿ ಬರಬೇಕಲ್ಲ.

ಆದರೆ ಸಂದು ಮುಚ್ಚಿದ ಮೇಲೆ ಹೊಸ ತಲೆನೋವು. ತಾರಸಿಗೆ ಹೊದಿಕೆ ಹಾಕಿದರೆ ಹಗಲಿನ ಬಿಸಿ ಒಳಗೆ ಬರುವುದು ಕಡಿಮೆಯಾಗುತ್ತೆ ನಿಜ. ಒಳಗೆ ಸೇರಿದ ಬಿಸಿ ರಾತ್ರಿ ಆಕಾಶಕ್ಕೆ ಹೋಗುವುದೂ ಕಡಿಮೆಯಾಗುತ್ತೆ. ಆಗ ಕೋಣೆ ತಣಿಯಬೇಕಾದರೆ ಗಾಳಿಯೇ ದಾರಿ. ಕಲಬುರಗಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪು. ಮೇಲೆ ಎರಡು ಮಲಗುವ ಕೋಣೆ, ಒಂದಕ್ಕೆ ಪಡುವಣ ಕಿಟಕಿ, ಇನ್ನೊಂದಕ್ಕೆ ಮೂಡಣ. ಎರಡೂ ಬಾಗಿಲು ತೆರೆದಿದ್ದರೆ ಮಾತ್ರ ಗಾಳಿ ಆಚೆಯಿಂದ ಈಚೆ ಹಾಯುತ್ತೆ. ರಾತ್ರಿ ಬಾಗಿಲು ತೆರೆದು ಯಾರು ಮಲಗುತ್ತಾರೆ?

ಹಳೆಯ ಮನೆಗಳಲ್ಲಿ ಬಾಗಿಲ ನೆತ್ತಿಯ ಮೇಲೆ ಒಂದು ವೆಂಟಿಲೇಟರ್ ಇರುತ್ತಿತ್ತಲ್ಲ, ದಾರ ಎಳೆದರೆ ತೆರೆಯುವಂಥದ್ದು, ಅದನ್ನೇ ವಾಪಸ್ ತಂದೆವು. ಮೇಲಿನ ಕೋಣೆಗಳ ಬಾಗಿಲಿನ ಮೇಲೆ ಒಂದಡಿ ಎತ್ತರದ ಕಿಂಡಿ, ಅದಕ್ಕೆ ಮರದ ಪುಟ್ಟ ಕದ. ಗಾಳಿ ಬೇಕಾದವರು ತೆರೆಯಲಿ, ಸದ್ದು ಬೇಡದವರು ಮುಚ್ಚಲಿ. ಸದಾ ತೆರೆದಿರುವ ಜಾಲರಿ ಹಾಕಿದ್ದರೆ ಅಗ್ಗ ಆಗುತ್ತಿತ್ತು, ಆದರೆ ಅಡಿಯಲ್ಲಿ ಉಳಿಸಿದ 5 ಡೆಸಿಬೆಲ್ ಮೇಲಿಂದ ಸೋರಿಹೋಗುತ್ತಿತ್ತು. ಕಿಂಡಿಗಾಗಿ ಲಿಂಟಲ್ ಎಂಟಡಿಗೆ ಏರಿತು. ಗೋಡೆ ಇನ್ನೂ ಎದ್ದಿರದ ಕಾರಣ ಇದಕ್ಕೂ ಜಾಗ ಸಿಕ್ಕಿತು. ಆ ಹೆಂಗಸು ಎರಡು ತಿಂಗಳು ತಡವಾಗಿ ಬಂದು ಬಾಗಿಲು ಬಡಿದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಮನೆಗಳು ತುಂಬಿ ಒಂದು ಬೇಸಿಗೆ ಕಳೆದ ಮೇಲೆ ಹೋಗಿ ಬಂದೆ. ರಾತ್ರಿ ಹತ್ತಕ್ಕೆ ಒಂದು ಮನೆಯ ಸೂರು ಮುಟ್ಟಿ ನೋಡಿದೆ, ಗೋಡೆಗೂ ಸೂರಿಗೂ ವ್ಯತ್ಯಾಸ ಕೈಗೆ ತಿಳಿಯಲಿಲ್ಲ. ಎ.ಸಿ. ಹಾಕಿಸಿಕೊಂಡವರು ಇದ್ದರು, ಅದನ್ನು ತಪ್ಪಿಸುವ ಮಾತು ನಾವು ಯಾರಿಗೂ ಕೊಟ್ಟಿರಲಿಲ್ಲ. ಕಿಂಡಿಯ ಕದವನ್ನು ಕೆಲವರು ಸೊಳ್ಳೆಗೆ ಹೆದರಿ ಮೊಳೆ ಹೊಡೆದು ಮುಚ್ಚಿದ್ದರು. ಕಿಟಕಿಗೆ ಸೊಳ್ಳೆಪರದೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ಅದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಮೊದಲ ಮಾದರಿ ಮನೆಯನ್ನು ಕೊಂಡವರಿಗೆ ಹೊಸ್ತಿಲಿನ ವಿಷಯ ಮೊದಲೇ ಹೇಳಿ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದರು. ಬಾಗಿಲ ಹೊರಗೆ ಅಡ್ಡಲಾಗಿ ಒಂದು ಕಾಲುವೆ ಕೊರೆದು ಜಾಲರಿ ಹಾಕಿದ್ದೇವೆ. ಸಾಧಾರಣ ಮಳೆಗೆ ಅಷ್ಟು ಸಾಕು. ಮಳೆ ಜೋರಾದಾಗ ಮನೆಯ ಯಜಮಾನರು ಗೋಣಿಚೀಲ ಮಡಚಿ ಹೊಸ್ತಿಲಿಗೆ ಒತ್ತಿ ಇಡುತ್ತಾರೆ. ಚೀಲ ಮೆಟ್ಟಿಲ ಮೇಲೆ ಮೊಳೆಗೆ ನೇತು ಹಾಕಿದೆ. ಆ ಮೊಳೆ ಹೊಡೆದಿರುವುದು ಎಎಸಿ ಗೋಡೆಗೆ, ಈಗಾಗಲೇ ಸಡಿಲ.